ಗೋಮಾಳದ ಬೀಗದ ಕೈ

ಗೋಮಾಳದ ಗೇಟಿನ ಬೀಗದ ಕೈಯನ್ನು ನನ್ನ ಮೊಮ್ಮಗಳಿಗೆ ಕೊಟ್ಟರು. ಇವತ್ತು ಬೆಳಿಗ್ಗೆ, ಊರಿನವರೆಲ್ಲ ನಿಂತಿರುವಾಗ, ಕುರಿ ಮೇಯಿಸುವ ಹಿರಿಯನೇ ತನ್ನ ಉಡಿದಾರದಿಂದ ಬಿಚ್ಚಿ ಕೊಟ್ಟ. ನಾನು ಓದಿದ್ದು ಮೂರನೇ ಕ್ಲಾಸು, ಪೆನ್ನು ಹಿಡಿದು ವರ್ಷಗಳೇ ಆದವು. ಆದರೂ ಇದನ್ನು ಬರೆದಿಡದೆ ನನಗೆ ನಿದ್ದೆ ಬರುವುದಿಲ್ಲ.

ನಾವಿರುವುದು ಯಲಹಂಕದಲ್ಲಿ. ಗೋಮಾಳ ಇರುವುದು ಬಾಗಲೂರಿನ ಆಚೆ, ನನ್ನ ಹೆಂಡತಿಯ ತವರೂರಿನಲ್ಲಿ. ದನ ಕುರಿ ಮೇಯಲೆಂದು ಬಿಟ್ಟ ಸರ್ಕಾರಿ ಜಾಗ. ನಡುವೆ ಹಳೆಯ ಬಂಡಿ ದಾರಿ, ತಗ್ಗಿನಲ್ಲಿ ಒಂದು ನೀರಿನ ಕುಂಟೆ. ಮೊಮ್ಮಗಳು ತನ್ನ ಸಂಬಳದಲ್ಲಿ ಹಳೇ ಜೀಪು ಕೊಂಡ ಮೇಲೆ, ಭಾನುವಾರ ಜೊತೆಗಾರರನ್ನು ಕಟ್ಟಿಕೊಂಡು ಅಲ್ಲಿಗೆ ಹೋಗಿ ಅದನ್ನು ಕಲ್ಲು ದಿಣ್ಣೆ ಹತ್ತಿಸುವುದು ಶುರುವಾಯಿತು. ಡಾಂಬರು ರಸ್ತೆ ಬಿಟ್ಟು ಕೊಚ್ಚೆಗೆ ಹೋಗಲು ಡೀಸೆಲ್ ಬೇರೆ ಸುಡಬೇಕಾ ಎಂದು ಅಜ್ಜಿ ಗೊಣಗುತ್ತಿದ್ದಳು.

ಹೋದ ವರ್ಷದ ಮಳೆಯಲ್ಲಿ ತಪ್ಪಾಯಿತು. ದಾರಿಯ ಗುಂಡಿಯಲ್ಲಿ ನೀರು ನಿಂತಿತ್ತು. ದಾರಿ ಇನ್ನೂ ಕೆಡದಿರಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಇವಳು ಪಕ್ಕದ ಹುಲ್ಲಿನ ಮೇಲೆ ಸುತ್ತಿ ಹೋದಳು. ಹಿಂದಿದ್ದವರೆಲ್ಲ ಅದೇ ಜಾಡು ಹಿಡಿದರು. ಅದೂ ಕೊಚ್ಚೆಯಾದಾಗ ಅದರಾಚೆ ಇನ್ನೊಂದು. ಮಳೆಗಾಲ ಮುಗಿಯುವಷ್ಟರಲ್ಲಿ ಬಂಡಿ ದಾರಿ ಕಣದಷ್ಟು ಅಗಲವಾಗಿ, ಮಣ್ಣೆಲ್ಲ ಕೊಚ್ಚಿ ಕುಂಟೆಗೆ ಇಳಿದಿತ್ತು. ಕುರಿಗಳು ಆ ನೀರಿಗೆ ಮೂತಿ ಇಡಲಿಲ್ಲ. ಊರಿನವರು ಕಬ್ಬಿಣದ ಗೇಟು ನಿಲ್ಲಿಸಿ ಬೀಗ ಜಡಿದರು.

ಅವಳು ಊಟ ಬಿಟ್ಟು ಕೂತಳು. ಅಜ್ಜಿಯ ತವರಿನಲ್ಲಿ ಅಜ್ಜಿಯ ತಲೆ ತಗ್ಗಿಸಿದೆನಲ್ಲ ಎಂದು ಸಂಕಟ. ನಾನು ಇಪ್ಪತ್ತು ವರ್ಷ ಎತ್ತಿನ ಗಾಡಿ ಹೊಡೆದವನು. ಹೇಳಿದೆ:

“ಗುಂಡಿ ಸುತ್ತಿ ಹೋಗ್ಬಾರ್ದು ಕಣಮ್ಮ. ಇಳಿದು ಕೋಲು ಹಾಕಿ ನೋಡ್ಬೇಕು, ಆಮೇಲೆ ಅದ್ರೊಳಗೇ ಮೆಲ್ಲಗೆ ಹೋಗ್ಬೇಕು. ಕೋಲು ಹೂತ್ಕೊಂಡ್ರೆ ಎತ್ತು ತಿರುಗಿಸ್ಕೊಂಡು ಮನೆಗೆ ಬರ್ಬೇಕು.”

“ಅಷ್ಟು ದೂರ ಹೋಗಿ ವಾಪಸ್ ಬರ್ತಿದ್ಯಾ ತಾತ?”

“ನಿಮ್ಮಜ್ಜೀನ ನೋಡೋಕೆ ಹೊರಟಾಗ್ಲೂ ಬಂದಿದ್ದೀನಿ.”

ಮುಂದಿನ ಭಾನುವಾರದಿಂದ ಅವಳೂ ಜೊತೆಗಾರರೂ ಜೀಪುಗಳನ್ನು ಗೇಟಿನ ಹೊರಗೆ ಬಿಟ್ಟು, ಗುದ್ದಲಿ ಹಿಡಿದು ನಡೆದು ಹೋದರು. ಹೊಸ ಜಾಡುಗಳ ಮಣ್ಣು ಸಡಿಲಿಸಿ, ಯಾರೂ ಹಾಯದಂತೆ ಮೇಲೆ ಜಾಲಿ ಮುಳ್ಳು ಹರಡಿದರು. ನೀರು ಹರಿಯುವ ಕಡೆ ಕಲ್ಲು ಅಡ್ಡ ಜೋಡಿಸಿದರು. ನಾನು ಬದುವಿನ ಮೇಲೆ ಕೂತು ಯಜಮಾನಿಕೆ ಮಾಡಿದೆ. ಈ ಸಲದ ಮಳೆಗೆ ಹುಲ್ಲು ಬಂತು. ಊರಿನವರೂ ಮೆತ್ತಗಾಗಿ, ಒಂದು ದಿನದ ಮಟ್ಟಿಗೆ ಗೇಟು ತೆಗೆಯುತ್ತೇವೆ, ನೋಡೋಣ ಎಂದರು.

ಅದು ಹೋದ ಭಾನುವಾರ. ಹೆಬ್ಬಾಳ, ಆರ್.ಟಿ. ನಗರದಿಂದೆಲ್ಲ ಎಂಟು ಜೀಪು ಬಂದವು. ಹಿಂದಿನ ದಿನ ಜೋರು ಮಳೆ. ಇವಳು ಇಳಿದು ಮೊದಲ ಗುಂಡಿಗೆ ಕೋಲು ಹಾಕಿದಳು. ಮೊಳದುದ್ದ ಹೂತಿತು. ಇವತ್ತು ಬೇಡ, ತಿರುಗಿಸಿ ಎಂದಳು. ಒಬ್ಬ ಕೇಳಿದ:

“ಏನ್ ಗುರು, ವರ್ಷವೆಲ್ಲ ಮಣ್ಣು ಹೊತ್ತಿದ್ದು ಇದಕ್ಕಾ?”

“ಹೂಂ ಮಗಾ, ಇದಕ್ಕೇ,” ಎಂದು ಅವನ ಜೀಪಿನ ಮುಂದೆ ಕೋಲು ಹಿಡಿದು ನಿಂತಳು. ಎಂಟೂ ತಿರುಗಿದವು. ಕುರಿಯ ಹಿರಿಯ ದೂರದಿಂದ ನೋಡುತ್ತಿದ್ದ. ಅವನೇ ಇವತ್ತು ಕರೆಸಿದ್ದು. ಬೀಗದ ಕೈ ಅವಳಿಗೆ ಕೊಟ್ಟು ನನ್ನ ಕಡೆ ತಿರುಗಿ ಅಂದ:

“ಇವ್ಳತ್ರಾನೆ ಇರ್ಲಿ ಬಾವ. ಬ್ಯಾಡ ಅನ್ನೋಕೆ ಬತ್ತದೆ ಇವ್ಳಿಗೆ.”

ಮಣ್ಣು ಒಣಗಿತ್ತು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಜೀಪನ್ನು ಗುಂಡಿಯೊಳಗೇ ಇಳಿಸಿ, ನನ್ನ ಎತ್ತುಗಳ ನಡಿಗೆಯಲ್ಲಿ ಹತ್ತಿಸಿದಳು. ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ ಸೀಟು ಬೆಲ್ಟು ಬಿಗಿಯಾಯಿತು.

ಸಂಜೆ ಮಗ, ಸೊಸೆ, ನಾವು, ಎಲ್ಲ ಸಾಲಾಗಿ ಕೂತೆವು. ಮುದ್ದೆ, ನಾಟಿ ಕೋಳಿ ಸಾರು. ಈ ಮನೆಯಲ್ಲಿ ಮೊದಲ ಮುದ್ದೆ ಯಾವತ್ತೂ ನನ್ನ ತಟ್ಟೆಗೇ. ಇವತ್ತು ನನ್ನವಳು ನನ್ನನ್ನು ದಾಟಿ ಹೋಗಿ ಮೊಮ್ಮಗಳ ತಟ್ಟೆಗೆ ಹಾಕಿದಳು. ಆಮೇಲೆ ತವರಿನ ಆ ಬೀಗದ ಕೈಯನ್ನು ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿ, ಮುಂದಿನ ಭಾನುವಾರ ಮುಂದಿನ ಸೀಟು ತನ್ನದು ಎಂದಳು. ನಾನು ಸಾರಿಗೆ ತಟ್ಟೆ ಚಾಚಿದೆ.