ಜಾವಾದ ಕಠಾರಿಗೆ ಹೊಸ ಚಿನ್ನ

ಆಸ್ಪತ್ರೆಯ ಡ್ಯೂಟಿ ಮುಗಿಸಿ, ನ್ಯೂಜಿಲೆಂಡಿನ ಈ ಟೌರಂಗಾದ ಟ್ರಾಫಿಕ್ಕಿನಲ್ಲಿ ತೆವಳಿ ಮನೆ ಸೇರುವಷ್ಟರಲ್ಲಿ ನನ್ನಲ್ಲಿ ಮಾತಾಡುವ ತ್ರಾಣವೂ ಇರುವುದಿಲ್ಲ. ಆವತ್ತು ನನ್ನ ಗಂಡ ಗ್ಯಾರೇಜಿನಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದರು. ಮುಂದೆ ಪಕ್ಕದ ಮನೆಯ ಆಂಟಿಯ ಕಠಾರಿ.

ಆಂಟಿ ಜಾವಾದವರು, ಎಂಬತ್ತೈದು ದಾಟಿದವರು. ಬಳುಕು ಅಲಗಿನ ಆ ಕಠಾರಿ ಅವರ ಅಪ್ಪನದು. ಅಲಗಿನ ಮೇಲೆ ಬುಡದಿಂದ ತುದಿಯವರೆಗೆ ಒಂದು ನಾಗನನ್ನು ಕೆತ್ತಿದ್ದಾರೆ. ಶನಿವಾರ ಡನೀಡಿನ್‌ನಿಂದ ಮಗಳು ಬರುತ್ತಾಳೆ, ಅಪ್ಪ ಬಿಟ್ಟುಹೋದ ಹಾಗೆಯೇ ಅದನ್ನು ಅವಳ ಕೈಗಿಡಬೇಕು, ಇನ್ನು ಉಳಿದಿರುವ ಆಸೆ ಅದೊಂದೇ ಎಂದಿದ್ದರು. ಹಿಡಿ ಅಲುಗಾಡುತ್ತಿತ್ತು. ಅದನ್ನು ಬಿಗಿ ಮಾಡಿಕೊಡಿ ಎಂದಷ್ಟೇ ಕೇಳಿದ್ದು.

ಹೇಳಿದಷ್ಟು ಮಾಡಿ ಸುಮ್ಮನಿದ್ದರೆ ಇವರು ಮೈಸೂರಿನ ಅಕ್ಕಸಾಲಿಗರ ಮಗ ಹೇಗಾದಾರು! ಬಂದರಿನಲ್ಲಿ ಇಂಜಿನಿಯರ್ ಆಗಿ ವರ್ಷಗಳಾದರೂ ಕೈ ಮಾತ್ರ ಅಪ್ಪನ ಅಂಗಡಿಯಲ್ಲೇ ಇದೆ. ನಾಗನ ಹುರುಪೆಗಳಲ್ಲಿ ಸಣ್ಣ ಸಣ್ಣ ಗುಳಿಗಳು, ಅಂಚಿನಲ್ಲಿ ಅಲ್ಲಲ್ಲಿ ಚಿನ್ನದ ಚೂರು. ಹಿಂದೆ ಚಿನ್ನ ಕೂರಿಸಿದ್ದರು, ಉದುರಿಹೋಗಿದೆ ಎಂದು ಇವರೇ ತೀರ್ಮಾನಿಸಿದರು. ದೇವರ ಒಡವೆ ರಿಪೇರಿಗೆ ಬಂದರೆ ಬಿದ್ದುಹೋದ ಕಲ್ಲನ್ನು ಇವರಪ್ಪ ಸ್ವಂತ ಖರ್ಚಿನಲ್ಲೇ ಹಾಕಿ ಕಳಿಸುತ್ತಿದ್ದರಂತೆ, ಭಿನ್ನವಾದದ್ದನ್ನು ಹಾಗೇ ಹಿಂದಿರುಗಿಸಿದರೆ ಕಸುಬಿಗೇ ಅವಮಾನವಂತೆ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅನ್ನುತ್ತಾರೆ. ನಮ್ಮ ಯಜಮಾನರು ಹೆಂಡತಿಯ ಮುರಿದ ಓಲೆಯನ್ನು ತಟ್ಟಿ ರೇಕು ಮಾಡಿ ಪರರ ನಾಗನಿಗೆ ತೊಡಿಸುತ್ತಿದ್ದರು. ಆಂಟಿಯನ್ನು ಒಂದು ಮಾತು ಕೇಳಿ ಅಂದೆ.

"ಸರ್‌ಪ್ರೈಸ್ ಕೊಡೋಣ ಬಿಡೆ" ಅಂದರು. ಜಗಳಕ್ಕೂ ಶಕ್ತಿ ಬೇಕಲ್ಲ, ಹೋಗಿ ಮಲಗಿದೆ.

ಶುಕ್ರವಾರ ಸಂಜೆ ಇಬ್ಬರೂ ಕೊಂಡೊಯ್ದೆವು. ಆಂಟಿ ಹಿಡಿಯನ್ನು ಅಲುಗಾಡಿಸಿ ನೋಡಿ ನಕ್ಕರು. ಆಮೇಲೆ ಅಲಗನ್ನು ತಿರುಗಿಸಿದರು. ನಾಗ ಝಗಝಗ ಹೊಳೆಯುತ್ತಿತ್ತು. ಅವರ ನಗು ಹೋಯಿತು. ಒಂದೊಂದೇ ಹುರುಪೆಯ ಮೇಲೆ ಹೆಬ್ಬೆರಳಾಡಿಸುತ್ತಾ ಹೋದರು. ಉದುರಿದ್ದನ್ನು ತುಂಬಿಸಿದ್ದೇನೆ ಎಂದು ಇವರು ತಡವರಿಸಿದರು.

ಉದುರಿದ್ದಲ್ಲವಂತೆ. ಎರಡನೇ ಮಹಾಯುದ್ಧದ ಕಾಲದಲ್ಲಿ, ಆಂಟಿ ಇನ್ನೂ ಕೂಸಾಗಿದ್ದಾಗ, ಊರಲ್ಲಿ ಅಕ್ಕಿಯೇ ಇರಲಿಲ್ಲವಂತೆ. ಅಪ್ಪ ಬಾಗಿಲು ಹಾಕಿಕೊಂಡು, ಹಸಿವು ತಡೆಯದಾದಾಗಲೆಲ್ಲ ಒಂದೊಂದು ಹುರುಪೆಯ ಚಿನ್ನವನ್ನು ಮೊಳೆಯಿಂದ ಕೆರೆದು ಮಾರಿ ಹೊಟ್ಟೆಗೆ ಏನಾದರೂ ತರುತ್ತಿದ್ದರಂತೆ. ಆ ಗುಳಿಗಳನ್ನೇ ಆಂಟಿ ತಮ್ಮ ಮಗಳಿಗೆ ಮುಟ್ಟಿಸಿ ತೋರಿಸಬೇಕೆಂದು ಕಾದಿದ್ದರು.

ನಾಚಿಕೆಯಿಂದ ನಾನು ಹಿಡಿಯಷ್ಟಾದೆ. ಆಂಟಿಗೆ ಸಿಟ್ಟು ಬಂದಿರಲಿಲ್ಲ, ಸುಸ್ತಾಗಿತ್ತು. ಕಠಾರಿಯನ್ನು ಇವರ ಕೈಗೇ ವಾಪಸ್ ಇಟ್ಟು ಮೆಲ್ಲಗೆ ಹೇಳಿದರು:

"ತೆಗೆದುಬಿಡಪ್ಪ. ಈ ಚಿನ್ನಾನ ನಾವು ಆಗಲೇ ತಿಂದಾಗಿದೆ."