ಹದಿನಾಲ್ಕನೆಯ ಹೆಸರು

ನನ್ನ ಹೆಂಡತಿ ಪಂಕಜಾ ದಿಲ್ಲಿಯ ಒಂದು ಸರಕಾರಿ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಟೈಪಿಸ್ಟ್ ಆಗಿದ್ದವಳು. ಮದುವೆಯಾದ ಹೊಸದರಲ್ಲಿ, ಕರೋಲ್ ಬಾಗಿನ ಒಂದೇ ಕೋಣೆಯ ಮನೆಯಲ್ಲಿ, ನಾನು ಬರೆದಿಟ್ಟ ಮಾರ್ಕ್ಸ್ ಪಟ್ಟಿಯ ಮೇಲೆ ಕಣ್ಣಾಡಿಸಿ, ಮೂರು ಕಡೆ ಕೂಡಿದ್ದು ತಪ್ಪಿದೆ ಎಂದಳು. ನಾನು ಗಣಿತದ ಮೇಷ್ಟ್ರು. ಆ ಗಾಯ ಇನ್ನೂ ಪೂರ್ತಿ ಮಾಗಿಲ್ಲ.

ಅವಳ ಕೆಲಸಕ್ಕೊಂದು ಶಿಸ್ತಿತ್ತು. ಟೈಪ್ ಆದ ಪ್ರತಿ ಪತ್ರವನ್ನೂ ಪಕ್ಕದ ಮೇಜಿನ ದೇವಕಿ ಮೂಲ ಹಾಳೆ ಹಿಡಿದು ಗಟ್ಟಿಯಾಗಿ ಓದಬೇಕು, ಇವಳು ತನ್ನ ಪ್ರತಿಯ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ತಾಳೆ ನೋಡಬೇಕು. ಅದಾಗದೆ ಒಂದು ಕಾಗದವೂ ಸಾಹೇಬರ ಸಹಿಗೆ ಹೋಗುತ್ತಿರಲಿಲ್ಲ. ಮನೆಯಲ್ಲೂ ಅದೇ ಚಾಳಿ. ಕಿರಾಣಿ ಅಂಗಡಿಯ ಭಯ್ಯಾ ಚೀಟಿಯನ್ನು ಅವಳೆದುರು ಎರಡು ಸಲ ಓದಿ ಒಪ್ಪಿಸಿದ ಮೇಲೇ ಸಾಮಾನು ಕಟ್ಟಬೇಕು. ಅವನು ನನ್ನನ್ನು ಕನಿಕರದಿಂದ ನೋಡುತ್ತಿದ್ದ.

ಅವಳಿಗೆ ಸರಕಾರ ಕೊಡುತ್ತಿದ್ದ ಪ್ರವಾಸದ ಸವಲತ್ತನ್ನೆಲ್ಲ ನಾವು ಪ್ರತಿ ಸಲವೂ ಅವಳ ತವರು ಪಾವಗಡಕ್ಕೆ ಸುರಿದಿದ್ದೆವು. ಕೊನೆಯದೊಂದು ಉಳಿದಿತ್ತು. ಎರಡು ಸಾವಿರದ ಆರನೇ ಇಸವಿಯ ಡಿಸೆಂಬರ್, ಅವಳ ನಿವೃತ್ತಿಗೆ ಇನ್ನೆರಡೇ ತಿಂಗಳು. ನಾನು ಗೋವಾ ಎಂದು ತೀರ್ಮಾನಿಸಿ ಒಂದು ಟೋಪಿಯನ್ನೂ ಕೊಂಡಿದ್ದೆ. ಮಗಳು ಅಪೂರ್ವ, "ಗೋವಾ ಹೀ ಜಾವೋ ಅಮ್ಮಾ, ಮಸ್ತ್ ಇರತ್ತೆ," ಎಂದು ನನ್ನ ಪಕ್ಷ ವಹಿಸಿದ್ದಳು. ಪಂಕಜಾ ಮಾತ್ರ ವಿಶಾಖಪಟ್ಟಣ ಎಂದು ಕಡ್ಡಿ ಮುರಿದಂತೆ ಹೇಳಿದಳು. ಸಮುದ್ರವನ್ನೇ ನೋಡದವಳಿಗೆ ಯಾವ ಊರಿನದಾದರೇನು ಎಂದುಕೊಂಡು ನಾನು ದಿಲ್ಲಿಯ ದ್ವಾರಕಾದಲ್ಲಿದ್ದ ನಮ್ಮ ಮನೆಯಿಂದ ಪೆಟ್ಟಿಗೆ ಹೊತ್ತುಕೊಂಡು ಹೊರಟೆ.

ಮಂಜಿನಿಂದಾಗಿ ನಿಜಾಮುದ್ದೀನ್ ನಿಲ್ದಾಣದಲ್ಲೇ ರೈಲು ಐದು ಗಂಟೆ ತಡ. ಆಗ್ರಾ ದಾಟಿದ ಮೇಲೆ ಚಪಾತಿಯ ಪೊಟ್ಟಣ ಬಿಚ್ಚುತ್ತ ಅವಳು ಬಾಯಿಬಿಟ್ಟಳು.

ಎಂಬತ್ತೆಂಟರಲ್ಲಿ ಅವಳ ಮೇಜಿಗೆ ಒಂದು ಪಟ್ಟಿ ಬಂದಿತ್ತಂತೆ. ವಿಶಾಖಪಟ್ಟಣದ ಆಚೆ ಕಡಲಂಚಿನ ಹದಿನಾಲ್ಕು ಬೆಸ್ತರ ಹಳ್ಳಿಗಳಿಗೆ ಮೀನು ಒಣಗಿಸಲು ಸಿಮೆಂಟಿನ ಕಣ, ಹರಾಜು ಹಾಕಲು ಒಂದು ಸೂರು. ಆ ದಿನ ದೇವಕಿ ರಜೆ. ಸಾಹೇಬರಿಗೆ ಅವಸರ. ಪಂಕಜಾ ತನ್ನದನ್ನು ತಾನೇ ತಾಳೆ ನೋಡಿ ಕಳಿಸಿಬಿಟ್ಟಳು. ಕೆಲವು ತಿಂಗಳ ಮೇಲೆ ಫೈಲು ಮತ್ತೆ ಕೈಗೆ ಬಂದಾಗ ನೋಡುತ್ತಾಳೆ, ಹದಿಮೂರೇ ಹೆಸರು. ಬಿಟ್ಟುಹೋದದ್ದು ಸತ್ತೆಮ್ಮಪಾಲೆಂ ಎಂಬ ಊರು. ಆಗಲೇ ಸಾಹೇಬರ ಎದುರು ಹೋಗಿ ತಪ್ಪೊಪ್ಪಿಕೊಂಡು, ತಿದ್ದುಪಡಿ ಪತ್ರವನ್ನೂ ಟೈಪ್ ಮಾಡಿಕೊಟ್ಟಳು. ಮುಂದಿನ ವಾರ ಅವಳನ್ನು ಬೇರೆ ವಿಭಾಗಕ್ಕೆ ಹಾಕಿದರು. ಆ ಪತ್ರ ಹೋಯಿತೋ, ಯಾವುದೋ ಕಪಾಟಿನಲ್ಲಿ ಕೂತಿತೋ ಅವಳಿಗೆ ತಿಳಿಯಲೇ ಇಲ್ಲ.

"ಆ ಊರಿಗೆ ಕಣ ಬಂತೋ ಇಲ್ವೋ ನೋಡ್ದೆ ನಾನು ರಿಟೈರ್ ಆಗಲ್ಲ ರೀ," ಎಂದಳು.

ಹದಿನೆಂಟು ವರ್ಷ ಹೊಟ್ಟೆಯೊಳಗಿಟ್ಟುಕೊಂಡಿದ್ದಳು. ಒಂದೇ ಸೂರಿನಡಿ ಇದ್ದ ನನಗೆ ಸುಳಿವು ಕೊಟ್ಟಿರಲಿಲ್ಲ. ನನಗೆ ಸಿಟ್ಟೇ ಬಂತು. ಒಂದು ಸಾಲು ಬಿಟ್ಟುಹೋದದ್ದಕ್ಕೆ ಇಷ್ಟು ದೂರ ಬರುವ ಹುಚ್ಚಿಯನ್ನು ಕಟ್ಟಿಕೊಂಡೆನಲ್ಲ ಎಂದು ಕಿಟಕಿಯ ಕಡೆ ತಿರುಗಿ ಕೂತೆ. ಝಾನ್ಸಿಯವರೆಗೆ ಮಾತಾಡಲಿಲ್ಲ. ಅಲ್ಲಿ ಚಹಾ ಬಂತು, ಮಾತೂ ಬಂತು.

ವಿಶಾಖಪಟ್ಟಣದ ಮೊದಲ ಎರಡು ದಿನ ಅವಳು ನನ್ನ ಪಾಲಿಗೆ ಬಿಟ್ಟುಕೊಟ್ಟಳು. ಕಡಲ ದಂಡೆಯಲ್ಲಿ ನಿಲ್ಲಿಸಿರುವ ಹಳೆಯ ಜಲಾಂತರ್ಗಾಮಿಯೊಳಗೆ ಬಗ್ಗಿ ಬಗ್ಗಿ ನಡೆದು ನಾನು ಎರಡು ಸಲ ತಲೆ ಜಜ್ಜಿಸಿಕೊಂಡೆ. ಕೈಲಾಸಗಿರಿಗೆ ತಂತಿಯ ಮೇಲಿನ ತೊಟ್ಟಿಲಲ್ಲಿ ಹತ್ತುವಾಗ ಪಂಕಜಾ ಕಣ್ಣು ಮುಚ್ಚಿ ವಿಷ್ಣು ಸಹಸ್ರನಾಮ ಹೇಳಿದಳು. ಮೇಲಿದ್ದದ್ದು ಶಿವ ಪಾರ್ವತಿಯರ ವಿಗ್ರಹ. ಸಿಂಹಾಚಲದಲ್ಲಿ ಗಂಧ ಮೆತ್ತಿದ ದೇವರಿಗೆ ಬಹಳ ಹೊತ್ತು ಕೈಮುಗಿದಳು. ಏನು ಕೇಳಿಕೊಂಡಳೆಂದು ವಿಚಾರಿಸುವ ಅಗತ್ಯ ನನಗಿರಲಿಲ್ಲ.

ಮೊದಲ ಸಂಜೆ ಅವಳು ಸಮುದ್ರವನ್ನು ನೋಡಿದ ರೀತಿ ಮಾತ್ರ ಹೇಳಲೇಬೇಕು. ಚಪ್ಪಲಿಯನ್ನು ನನ್ನ ಕೈಗೆ ಕೊಟ್ಟು, ಸೀರೆಯನ್ನು ಒಂದಿಷ್ಟು ಎತ್ತಿಕೊಂಡು, ಅಲೆ ಬರುವ ಜಾಗಕ್ಕೆ ಹೋಗಿ ನಿಂತಳು. ನೀರು ಪಾದ ಮುಟ್ಟಿ ಹಿಂದಕ್ಕೆ ಹೋಗುವಾಗ ಕಾಲಡಿಯ ಮರಳು ಜಾರಿತು. ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದು ನಕ್ಕಳು. ಐವತ್ತೊಂಬತ್ತು ದಾಟಿದ ಹೆಂಗಸು, ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕ ಹುಡುಗಿಯ ಹಾಗೆ. ಗೋವಾದ ಟೋಪಿಯ ದುಃಖ ನನಗೆ ಅಲ್ಲೇ ಇಳಿಯಿತು.

ಮೂರನೆಯ ದಿನ ಬೆಳಿಗ್ಗೆ ಭೀಮಿಲಿಯವರೆಗೆ ಬಸ್ಸಿನಲ್ಲಿ, ಅಲ್ಲಿಂದಾಚೆಗೆ ಆಟೋದಲ್ಲಿ ಹೋದೆವು. ಒಂದು ಕಡೆ ಕೆಂಪು ದಿಬ್ಬ, ಇನ್ನೊಂದು ಕಡೆ ನೀರು. ಪಂಕಜಾ ದಾರಿಯುದ್ದಕ್ಕೂ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ತಿರುವಿನಲ್ಲಿ ಸತ್ತೆಮ್ಮಪಾಲೆಂ ಕಂಡಿತು. ಅಲ್ಲಿ ಸಿಮೆಂಟಿನ ಕಣ ಇತ್ತು. ಶೀಟು ಹೊದಿಸಿದ ಸೂರೂ ಇತ್ತು. ಕಣದ ತುಂಬ ಬೆಳ್ಳಗೆ ಮೀನು ಒಣಗುತ್ತಿತ್ತು.

ಅವಳು ಆಟೋದಲ್ಲೇ ಕಣ್ಣೊರೆಸಿಕೊಂಡಳು. ನಾನು ದೊಡ್ಡ ಉಸಿರು ಬಿಟ್ಟು, ಚಲೋ, ಕೆಲಸ ಮುಗಿಯಿತು, ಊಟಕ್ಕೆ ಭೀಮಿಲಿಗೇ ಹೋಗೋಣ ಎಂದೆ. ಅವಳು ಆಗಲೇ ಇಳಿದು ಸೂರಿನ ಕಂಬದ ಮೇಲೆ ಕೆತ್ತಿದ ಇಸವಿ ಓದುತ್ತಿದ್ದಳು. ತೊಂಬತ್ಮೂರು ಎಂದಿತ್ತು. ದಾರಿಯಲ್ಲಿ ದಾಟಿ ಬಂದ ಊರಿನ ಕಂಬದ ಮೇಲೆ ಎಂಬತ್ತೊಂಬತ್ತು ಎಂದಿದ್ದನ್ನು ಅವಳು ಬಿಡದೆ ಗಮನಿಸಿದ್ದಳು.

ಪಾವಗಡದವಳಾದ್ದರಿಂದ ತೆಲುಗು ಅವಳಿಗೆ ಮನೆಯ ಬಾಗಿಲು ದಾಟಿದರೆ ಕೇಳುತ್ತಿದ್ದ ಭಾಷೆ; ಅಲ್ಲಿಗೆ ಹೋಗಿ ಬಂದು ನನಗೂ ಕೇಳಿದರೆ ಅರ್ಥವಾಗುತ್ತಿತ್ತು. ಮೀನು ಬೇರೆ ಮಾಡುತ್ತಿದ್ದ ಲೀಲಮ್ಮ ಎಂಬ ಹೆಂಗಸಿನ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು, ನಿಮ್ಮೂರಿಗೇಕೆ ಇಷ್ಟು ತಡವಾಗಿ ಬಂತು ಎಂದು ಕೇಳಿದಳು. ಲೀಲಮ್ಮ ದೂರದಲ್ಲಿ ಒಬ್ಬನೇ ಕೂತು ಬಲೆ ಹೆಣೆಯುತ್ತಿದ್ದ ಮುದುಕನನ್ನು ಗದ್ದದಿಂದಲೇ ತೋರಿಸಿದಳು.

ಆತ ಪೋಲಯ್ಯ. ಆ ಕಾಲಕ್ಕೆ ಊರಿನ ಹಿರಿಯ. ಅವನ ಹೆಂಡತಿಯ ತವರು ಪಕ್ಕದ ಹಳ್ಳಿ. ಸುತ್ತಲ ಹದಿಮೂರು ಊರಿಗೂ ಕಣ ಬಂದು ಇವರಿಗೆ ಮಾತ್ರ ಬರದಿದ್ದಾಗ, ಪೋಲಯ್ಯನೇ ಮಾವನ ಮನೆಯವರಿಗೆ ನಮ್ಮದನ್ನೂ ಬರೆದುಕೊಟ್ಟ ಎಂದು ಊರು ತೀರ್ಮಾನಿಸಿತು. ಹಿರಿತನ ಕಿತ್ತುಕೊಂಡರು. ಅವನ ಒಡಹುಟ್ಟಿದ ತಮ್ಮ ಎರ್ರಯ್ಯ ಅಣ್ಣನೊಡನೆ ಮಾತು ಬಿಟ್ಟ. ಅದಾಗಿ ಹದಿನೇಳು ವರ್ಷವಾಯಿತು. ಕೊನೆಗೆ ಕಣ ಬಂದಾಗಲೂ ಅದರ ಪೂಜೆಗೆ ಪೋಲಯ್ಯನನ್ನು ಕರೆಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದನ್ನು ನಾನು ಗಾದೆಯಾಗಿ ಕೇಳಿದ್ದೆ. ಬರೆ ಹಾಕಿಸಿಕೊಂಡ ಮನುಷ್ಯನನ್ನು ಅಲ್ಲೇ ಮೊದಲು ನೋಡಿದ್ದು.

ಪಂಕಜಾಳ ಮುಖ ನೋಡಿಯೇ ಅವಳ ಮನಸ್ಸು ನನಗೆ ತಿಳಿಯಿತು. ಪಕ್ಕಕ್ಕೆ ಕರೆದುಕೊಂಡು ಹೋದೆ.

"ಇರಲಾರದೆ ಇರುವೆ ಬಿಟ್ಕೋಬೇಡ ಕಣೇ. ಎರಡು ತಿಂಗಳಿದೆ ಅಷ್ಟೆ. ಯಾರಾದ್ರೂ ಮೇಲಕ್ಕೆ ಅರ್ಜಿ ಬರೆದ್ರೆ ನಿನ್ನ ಪೆನ್ಷನ್ನಿಗೇ ಕುತ್ತು. ಕಣ ಬಂದಿದೆಯಲ್ಲ, ಇನ್ನೇನು?"

"ಕಣ ನೋಡೋಕೆ ಬಂದಿದ್ದೆ, ನೋಡ್ದೆ. ಈ ಮನುಷ್ಯನ ವಿಷಯ ನನಗೆ ಗೊತ್ತಿರ್ಲಿಲ್ಲ. ಈಗ ಗೊತ್ತಾಯ್ತಲ್ಲ ರೀ."

ನಾನು ಆಟೋದವನಿಗೆ ಕಾಯಲು ಹೇಳಿ ಬಂದೆ.

ದೋಣಿಗಳು ಬಂದು ಹರಾಜಿಗೆ ಊರೆಲ್ಲ ಸೂರಿನಡಿ ಸೇರುವವರೆಗೆ ಅವಳು ಕಾದಳು. ಆಮೇಲೆ ಕಣದ ಅಂಚಿನ ಮೇಲೆ ಹತ್ತಿ ನಿಂತು ಕೈ ಮುಗಿದಳು. ಅವಳ ಪಾವಗಡದ ತೆಲುಗು ಕೇಳಿ ಮೊದಲು ಕೆಲವರು ನಕ್ಕರು. ತಾನು ಯಾರು, ದಿಲ್ಲಿಯಲ್ಲಿ ಏನು ಕೆಲಸ ಎಂದು ಅವಳು ಹೇಳುತ್ತ ಹೋದ ಹಾಗೆ ನಗು ನಿಂತಿತು.

"ಹದಿನಾಲ್ಕು ಊರಿನ ಹೆಸರಿತ್ತು. ನಾನು ಹದಿಮೂರು ಟೈಪ್ ಮಾಡಿದೆ. ಬಿಟ್ಟುಹೋದದ್ದು ನಿಮ್ಮೂರು. ತಪ್ಪು ನನ್ನದು. ಪೋಲಯ್ಯನವರು ಯಾರಿಗೂ ಏನೂ ಬರೆದುಕೊಡಲಿಲ್ಲ. ಬೇಕಾದರೆ ಇದನ್ನು ಬರೆದು ಸಹಿ ಹಾಕಿಕೊಡುತ್ತೇನೆ."

ಆಮೇಲೆ ಒಬ್ಬ ನಡುವಯಸ್ಸಿನವನು ಮುಂದೆ ಬಂದು, ಆ ನಾಲ್ಕು ವರ್ಷ ತನ್ನ ತಾಯಿ ಒಣಮೀನಿನ ಮರಳು ಆರಿಸಿ ಆರಿಸಿ ಸೊಂಟ ಕಳೆದುಕೊಂಡಳು, ಅದನ್ನು ಯಾರು ಕೊಡುತ್ತಾರೆ ಎಂದು ಕೂಗಾಡಿದ. ಪಂಕಜಾ ತಲೆ ತಗ್ಗಿಸಲಿಲ್ಲ, ಸಮಜಾಯಿಷಿಯನ್ನೂ ಕೊಡಲಿಲ್ಲ. ದೇವಕಿಯ ರಜೆ, ಸಾಹೇಬರ ಅವಸರ, ತಿದ್ದುಪಡಿ ಪತ್ರ, ಒಂದನ್ನೂ ಹೇಳಲಿಲ್ಲ. ಕೈ ಮುಗಿದುಕೊಂಡೇ ಅವನ ಮಾತು ಮುಗಿಯುವ ತನಕ ಕೇಳಿಸಿಕೊಂಡಳು. ಅಷ್ಟು ವರ್ಷ ಮಕ್ಕಳಿಗೆ ಸತ್ಯ ಹೇಳಬೇಕೆಂದು ಪಾಠ ಮಾಡಿದ ನಾನು, ಹೇಳುವುದು ಹೇಗೆಂದು ಕಂಡದ್ದು ಆವತ್ತು. ಅವಳ ಗಂಡ ಎನ್ನಿಸಿಕೊಳ್ಳಲು ನನಗೆ ಹೆಮ್ಮೆಯಾಯಿತು.

ಪೋಲಯ್ಯ ಯಾವಾಗಲೋ ಬಲೆ ಬಿಟ್ಟು ಎದ್ದು ಬಂದಿದ್ದ. ಜನ ದಾರಿ ಬಿಟ್ಟರು. ಅವಳ ಎದುರು ಬಂದು ನಿಂತ. ಅಳುತ್ತಾನೆ ಎಂದುಕೊಂಡೆ, ಇಲ್ಲವೇ ಬೈಯುತ್ತಾನೆ ಎಂದುಕೊಂಡೆ. ಅವನು ಎರಡನ್ನೂ ಮಾಡಲಿಲ್ಲ. ಜನರ ಹಿಂದೆ ಬುಟ್ಟಿ ಹಿಡಿದು ನಿಂತಿದ್ದ ಇನ್ನೊಬ್ಬ ಮುದುಕನ ಕಡೆ ಕೈ ತೋರಿಸಿದ.

"ಇನ್ನೊಂದು ಸಲ ಹೇಳಮ್ಮಾ, ಸ್ವಲ್ಪ ಜೋರಾಗಿ. ನನ್ನ ತಮ್ಮನಿಗೆ ಈಚೆಗೆ ಕಿವಿ ಮಂದ."

ಪಂಕಜಾ ಇನ್ನೊಂದು ಸಲ ಹೇಳಿದಳು. ಅವಳ ದನಿ ಅಷ್ಟು ಎತ್ತರಕ್ಕೆ ಹೋಗುತ್ತದೆಂದು ನನಗೂ ಗೊತ್ತಿರಲಿಲ್ಲ. ಹೇಳಿ ಮುಗಿಸಿದ ಮೇಲೆ ಪೋಲಯ್ಯ ಜನರ ತಲೆಗಳ ಮೇಲಿಂದಲೇ ತಮ್ಮನನ್ನು ನೋಡಿ, "ಕೇಳಿಸ್ತಾ?" ಎಂದ.

ಎರ್ರಯ್ಯ ಬುಟ್ಟಿಯನ್ನು ಕೆಳಗಿಟ್ಟ.

"ಕೇಳಿಸ್ತು, ಅಣ್ಣಾ," ಎಂದ.