ಗುರುಗಳು ಮೆಚ್ಚಿದ ಧ್ಯಾನ

ಬೌದ್ಧ ಗುಹೆಗಳಿದ್ದ ಗುಡ್ಡದ ಮೇಲೆ ಮೂರು ದಿನ ಯೋಗ ಶಿಬಿರ. ಬಸವಕಲ್ಯಾಣದ ನನ್ನ ಕಿರಾಣಿ ಅಂಗಡಿಗೆ ಬೀಗ ಹಾಕಿ ನಾನೂ ಹೋದೆ. ಆಸನಕ್ಕೆ ಹೊಟ್ಟೆ ಅಡ್ಡ ಬಂತು. ಧ್ಯಾನಕ್ಕೆ ಕೂತಾಗ ಮಾತ್ರ ಎಲ್ಲರೂ ಮಿಸುಕಾಡಿದರೂ ನಾನು ಅಲುಗಲಿಲ್ಲ. ಇಪ್ಪತ್ತು ವರ್ಷ ಅಂಗಡಿಯ ಗಾದಿಯ ಮೇಲೆ ಪಳಗಿದ ಕಾಲು!

ಕೊನೆಯ ದಿನ ಗುರುಗಳು ನನ್ನನ್ನೇ ತೋರಿಸಿದರು. “ಹಿಂಗ ಕೂಡ್ರಬೇಕು ನೋಡ್ರಿ. ಸುತ್ತ ಏನಾದ್ರೂ ಮನಸ್ಸು ಕದಲಂಗಿಲ್ಲ. ಎಲ್ಲಿ ಕಲಿತ್ರಿ?”

ನಾನು ವಿನಯದಿಂದ ಕಣ್ಣು ತಗ್ಗಿಸಿದೆ. ಹಿಂದಿನ ಸಾಲಿನಲ್ಲಿದ್ದ ನಮ್ಮೂರ ಪಕ್ಕದ ನಾರಾಯಣಪುರದ ಮುದುಕ, ಹೊಲದ ಕೂಲಿ ಮಾಡುವ, ಬೌದ್ಧನಾದ ದಲಿತ, ಶಾಂತವಾಗಿ ಹೇಳಿದ:

“ಅಂಗಡ್ಯಾಗ ಕಲಿತಾರ್ರಿ. ನಾವು ಹೊರಗ ನಿಂತು, ‘ಸಾವ್ಕಾರ್ರ, ಉಪ್ಪು ಕೊಡ್ರಿ’ ಅಂತ ಎಷ್ಟು ಕರದ್ರೂ ಹಿಂಗೇ ಕಣ್ಣು ಮುಚ್ಚಿ ಕುಂತಿರ್ತಾರ.”

ಮೂರು ದಿನದಲ್ಲಿ ನಾನು ಮೊದಲ ಸಲ ಅಲುಗಿದ್ದು ಆಗಲೇ.